ಪ್ರತಿ ತಿಂಗಳೂ ಪ್ಯಾಡ್ ತಲುಪಿಸುವುದು ಹೇಗೆ?

ಕೆಲವು ವರ್ಷಗಳ ಹಿಂದೆ ನಾವು ನಾಲ್ವರು ಗೆಳತಿಯರು ದುಡ್ಡು ಹಾಕಿಕೊಂಡು ಚಳ್ಳಕೆರೆ ಕಡೆಯ ಒಂದು ಹಳ್ಳಿ ಶಾಲೆಗೆ ಎರಡು ಪೆಟ್ಟಿಗೆ ಮುಟ್ಟಿನ ಪ್ಯಾಡ್ ಒಯ್ದಿದ್ದೆವು. ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ ಕೊಟ್ಟೆವು. ಫೋಟೊನೂ ತೆಗೆದೆವು. ಒಬ್ಬಳೂ ತಲೆ ಎತ್ತಲಿಲ್ಲ. ಹೊರಡುವಾಗ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಮೆಲ್ಲಗೆ ಕೇಳಿದಳು: "ಅಕ್ಕಾ, ಮುಂದಿನ ತಿಂಗಳೂ ಬರ್ತೀರಾ?" ನಮ್ಮ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕೊಳ್ಳುವ ಮೊದಲು ಕೇಳಿ. ಶಾಲೆಯ ಟೀಚರ್, ಆಶಾ ಕಾರ್ಯಕರ್ತೆ, ಅಂಗನವಾಡಿ ಅಕ್ಕ, ಇವರಿಗೆ ಎಲ್ಲ ಗೊತ್ತಿರುತ್ತದೆ. ಶಾಲೆಯ ಹುಡುಗಿಯರಿಗೆ ಪುಕ್ಕಟೆ ಪ್ಯಾಡ್ ಕೊಡುವ ರಾಜ್ಯ ಸರ್ಕಾರದ ಶುಚಿ ಯೋಜನೆ 2013-14ರಲ್ಲಿ ಶುರುವಾಯಿತು. ಕೋವಿಡ್ ಕಾಲಕ್ಕೆ ನಿಂತು, 2024ರಲ್ಲಿ ಮತ್ತೆ ಬಂತು. ಹಾಗಾಗಿ ಈ ಶಾಲೆಗೆ ಎಷ್ಟು ಬಂದಿದೆ, ಯಾವ ತಿಂಗಳು ಸಾಲಲಿಲ್ಲ ಎಂದು ವಿಚಾರಿಸಿ. ಶಾಲೆ ಬಿಟ್ಟ ಹುಡುಗಿಯರನ್ನೂ ಕೂಲಿಗೆ ಹೋಗುವ ತಾಯಂದಿರನ್ನೂ ಮರೆಯಬೇಡಿ. ಇನ್ನೊಂದು ಮಾತು, ನಮಗೆ ಹೊಳೆದೇ ಇರಲಿಲ್ಲ: ಕೆಲವು ಮಕ್ಕಳ ಹತ್ತಿರ ಸರಿಯಾದ ಚಡ್ಡಿಯೇ ಇರುವುದಿಲ್ಲ. ಅದಿಲ್ಲದೆ ಪ್ಯಾಡ್ ನಿಲ್ಲುವುದಾದರೂ ಹೇಗೆ? ಪ್ಯಾಡ್ ಜೊತೆ ಅದನ್ನೂ ಪಟ್ಟಿಗೆ ಸೇರಿಸಿ.

ಇನ್ನು ಲೆಕ್ಕ. ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಿಸಬೇಕು. ಒಬ್ಬಳಿಗೆ ತಿಂಗಳಿಗೆ 15 ಅಂತ ಇಟ್ಟುಕೊಳ್ಳಿ. 50 ಹುಡುಗಿಯರಿಗೆ 750 ಪ್ಯಾಡ್. ಜನೌಷಧಿ ಕೇಂದ್ರದಲ್ಲಿ, ಅಂದರೆ ಸರ್ಕಾರದ ಅಗ್ಗದ ಔಷಧಿ ಅಂಗಡಿಯಲ್ಲಿ, ಸಿಗುವ ಸುವಿಧಾ ಪ್ಯಾಡ್ ಒಂದರ ಬೆಲೆಯನ್ನು 2019ರಲ್ಲಿ 1 ರೂಪಾಯಿಗೆ ಇಳಿಸಿದರು. ಆ ಬೆಲೆಯಲ್ಲಿ ತಿಂಗಳಿಗೆ 750 ರೂಪಾಯಿ. ನಾಲ್ವರು ಹಂಚಿಕೊಂಡರೆ ತಲೆಗೆ 200 ಕೂಡ ಆಗುವುದಿಲ್ಲ. ಒಂದೇ ದಿನ ಹತ್ತು ಸಾವಿರ ಸುರಿಯುವುದಕ್ಕಿಂತ ಇದು ಎಷ್ಟೋ ವಾಸಿ. ಜಾಸ್ತಿ ಬೇಕಾದರೆ ಅಂಗಡಿಯವರಿಗೆ ಮುಂಚೆಯೇ ಹೇಳಿಡಿ. ಪೊಟ್ಟಣ ಒಡೆದಿರಬಾರದು, ತೇವ ತಾಗಿರಬಾರದು.

ಕೊಡುವ ರೀತಿಯೇ ಮುಖ್ಯ ಎಂದು ನನಗನ್ನಿಸುತ್ತದೆ. ವೇದಿಕೆ ಬೇಡ, ಫೋಟೊ ಬೇಡ. ಹೆಡ್‌ಮಾಸ್ಟರ ಕೋಣೆಗೆ ಹೋಗಿ ಕೇಳಬೇಕು ಎಂದರೆ ಯಾವ ಹುಡುಗಿಯೂ ಹೋಗುವುದಿಲ್ಲ. ಹುಡುಗಿಯರ ಶೌಚಾಲಯದ ಹತ್ತಿರ ಒಂದು ಚಿಕ್ಕ ಬೀರು ಇಡಿಸಿ, ಬೀಗ ಬೇಡ. ಒಳಗೆ ಪ್ಯಾಡ್, ಹಳೇ ಪೇಪರ್, ಸೋಪು ಮತ್ತು ಬದಲಿಗೆ ಒಂದೆರಡು ಲಂಗ ಇರಲಿ. ಪಕ್ಕದಲ್ಲಿ ಮುಚ್ಚಳದ ಬುಟ್ಟಿ. ಬಳಸಿದ್ದನ್ನು ಪೇಪರಿನಲ್ಲಿ ಸುತ್ತಿ ಅದಕ್ಕೆ ಹಾಕಲಿ. ಕಮೋಡಿಗೆ ಹಾಕಿದರೆ ಕಟ್ಟಿಕೊಳ್ಳುತ್ತದೆ. ಬಯಲಲ್ಲಿ ಸುಟ್ಟರೆ ಪ್ಲಾಸ್ಟಿಕ್ ಹೊಗೆ. ಬುಟ್ಟಿ ಖಾಲಿ ಮಾಡುವವರು ಯಾರು ಎಂದು ಪಂಚಾಯಿತಿಯಲ್ಲಿ ಮೊದಲೇ ಮಾತಾಡಿಕೊಳ್ಳಿ. ಆ ಕೆಲಸ ಮಾಡುವವರಿಗೆ ಕೈಗವಸು ಕೊಡಿಸಿ.

ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲಿ ಗೊಲ್ಲರಹಟ್ಟಿಗಳ, ಅಂದರೆ ಕಾಡುಗೊಲ್ಲರು ವಾಸಿಸುವ ಹಟ್ಟಿಗಳ, ಮಾತು ಬೇರೆ. ಕೆಲವು ಹಟ್ಟಿಗಳಲ್ಲಿ ಮುಟ್ಟಾದವರು ಇಂದಿಗೂ ಹಟ್ಟಿಯ ಹೊರಗೆ ಉಳಿಯುತ್ತಾರೆ. ಹೀಗೆ ಬಲವಂತವಾಗಿ ಹೊರಗಿಡುವುದು 2017ರ ಮೌಢ್ಯ ನಿಷೇಧ ಕಾಯ್ದೆಯ ಪ್ರಕಾರ ಅಪರಾಧ. ಆದರೆ ಪ್ಯಾಡ್ ಹಿಡಿದು ಹೋಗಿ ಕಾನೂನು ಓದಿದರೆ ಮುಂದಿನ ಸಲ ನಮ್ಮನ್ನು ಯಾರೂ ಒಳಗೆ ಕರೆಯುವುದಿಲ್ಲ. ಆಶಾ ಕಾರ್ಯಕರ್ತೆಯ ಜೊತೆ ಹೋಗಿ, ಹಟ್ಟಿಯ ಹಿರಿಯ ಹೆಂಗಸರ ಪಕ್ಕ ಕೂತು, ಅವರ ಮಾತು ಕೇಳಿ. ಪ್ಯಾಡ್ ಅವರಲ್ಲೇ ಒಬ್ಬರ ಕೈಲಿರಲಿ. ಬಟ್ಟೆ ಪ್ಯಾಡ್ ಚೆನ್ನಾಗಿ ಬಾಳಿಕೆ ಬರುತ್ತದೆ, ನಿಜ. ಆದರೆ ಅದನ್ನು ಸೋಪು ಹಾಕಿ ಒಗೆದು ಬಿಸಿಲಲ್ಲೇ ಒಣಗಿಸಬೇಕು. ನಮ್ಮ ಬರದ ಸೀಮೆಯಲ್ಲಿ ಹೊರಗಿರುವ ಹೆಣ್ಣುಮಗಳಿಗೆ ಅಷ್ಟು ನೀರು ಎಲ್ಲಿಂದ ಬರಬೇಕು? ನೀರಿನ ದಾರಿ ನೋಡಿಕೊಂಡೇ ಬಟ್ಟೆ ಪ್ಯಾಡ್ ಕೊಡಿ.

ಒಂದು ನೋಟ್‌ಬುಕ್‌ನಲ್ಲಿ ಎಷ್ಟು ಕೊಟ್ಟಿರಿ, ಎಷ್ಟು ಉಳಿದಿದೆ ಎಂದಷ್ಟೇ ಬರೆದಿಡಿ. ಹುಡುಗಿಯರ ಹೆಸರು ಬೇಡ. ಬೇಸಿಗೆ ರಜೆಗೆ ಮುಂಚೆ ಎರಡು ತಿಂಗಳದ್ದು ಒಟ್ಟಿಗೆ ಕೊಟ್ಟು ಕಳಿಸಿ. ರಜೆಯಲ್ಲೂ ಮುಟ್ಟು ಬರುತ್ತದೆ ಅಲ್ವಾ?