ಹಳೆಯ ಫ್ಲೋಟ್ ಟ್ಯೂಬ್ ಮಾರಿದ್ದು, ಹೊಸದನ್ನು ಆರಿಸಿಕೊಂಡದ್ದು

ನಾನಿರುವ ಅಮೆರಿಕದ ವಾಷಿಂಗ್ಟನ್ ರಾಜ್ಯದ ಸಣ್ಣ ಸರೋವರಗಳಲ್ಲಿ ಟ್ರೌಟ್ ಮೀನಿಗೆ ಗಾಳ ಹಾಕುವವರಲ್ಲಿ ಹಲವರು ದೋಣಿಯ ಬದಲು ಫ್ಲೋಟ್ ಟ್ಯೂಬನ್ನು ಬಳಸುತ್ತಾರೆ. ಎದೆಯವರೆಗೆ ಬರುವ, ನೀರು ಒಳಬಿಡದ ವೇಡರ್ಸ್ ತೊಟ್ಟು, ಪಾದಗಳಿಗೆ ಫಿನ್ ಎಂಬ ಈಜುರೆಕ್ಕೆಗಳನ್ನು ಕಟ್ಟಿಕೊಂಡು, ಗಾಳಿ ತುಂಬಿದ ಈ ಸಾಧನದಲ್ಲಿ ಕಾಲುಗಳನ್ನು ನೀರಿಗೆ ಇಳಿಬಿಟ್ಟು ಕುಳಿತರೆ, ಒದೆತದ ಬಲದಿಂದಲೇ ಹಿಮ್ಮುಖವಾಗಿ ಸಾಗಬಹುದು. ಎರಡೂ ಕೈಗಳು ಗಾಳದ ಕೋಲಿಗೆ ಮೀಸಲಾಗಿರುತ್ತವೆ. ಲಾರಿಯ ಒಳಟ್ಯೂಬಿಗೆ ಬಟ್ಟೆಯ ಹೊದಿಕೆ ಹಾಕಿ ನಡುವೆ ಕೂರಲು ಪಟ್ಟಿ ಹೊಲಿದದ್ದು ಇದರ ಮೊದಲ ರೂಪ. ನಮ್ಮ ಕರ್ನಾಟಕದ ಜಲಾಶಯಗಳಲ್ಲಿ ಲಾರಿ ಟ್ಯೂಬಿನ ಮೇಲೆ ಕುಳಿತು ಬಲೆ ಬಿಡುವವರನ್ನು ನೋಡಿದವರಿಗೆ ಇದರಲ್ಲಿ ಅಚ್ಚರಿಯೇನೂ ಕಾಣಿಸದು.

ನನ್ನಲ್ಲಿ ಇದ್ದದ್ದು U ಆಕಾರದ, ಬಟ್ಟೆಯ ಜೋಲುಪಟ್ಟಿಯೇ ಆಸನವಾಗಿದ್ದ ಹಳೆಯ ಮಾದರಿ. ಅದರಲ್ಲಿ ಕುಳಿತರೆ ಸೊಂಟ ಪೂರ್ತಿಯಾಗಿ ನೀರಿನೊಳಗೆ ಇರುತ್ತಿತ್ತು. ಏಪ್ರಿಲ್ ತಿಂಗಳ ನೀರಿನಲ್ಲಿ, ವೇಡರ್ಸ್ ಒಳಗೆ ಉಣ್ಣೆಯ ಬಟ್ಟೆ ಇದ್ದರೂ, ಎರಡು ಗಂಟೆ ಕಳೆಯುವಷ್ಟರಲ್ಲಿ ತೊಡೆಗಳು ಮರಗಟ್ಟುತ್ತಿದ್ದವು. ಬೇರೆ ಟ್ಯೂಬ್ ಬೇಕು ಎನ್ನಿಸಿದ್ದಕ್ಕೆ ಮುಖ್ಯ ಕಾರಣ ಇದು. ಆದರೆ ಅಂಗಡಿಗೆ ಹೋಗುವ ಮುನ್ನ ಹಳೆಯದನ್ನು ಮಾರಾಟಕ್ಕೆ ಸಿದ್ಧಮಾಡಲು ಕುಳಿತೆ. ಕೊಳ್ಳುವವರ ಕಣ್ಣಿನಿಂದ ಅದನ್ನು ಪರೀಕ್ಷಿಸುತ್ತಾ ಹೋದಂತೆ ಹೊಸದರಲ್ಲಿ ಏನನ್ನು ನೋಡಬೇಕೆಂಬುದೂ ಒಂದೊಂದಾಗಿ ಸ್ಪಷ್ಟವಾಯಿತು.

ಮೊದಲು ತೊಳೆಯುವ ಕೆಲಸ. ಇಲ್ಲಿ ಇದು ಅಂದಕ್ಕಾಗಿ ಮಾತ್ರ ಮಾಡುವುದಲ್ಲ. ನ್ಯೂಜಿಲೆಂಡ್ ಮಡ್‌ಸ್ನೇಲ್ ಎಂಬ ಕೆಲವೇ ಮಿಲಿಮೀಟರ್ ಉದ್ದದ ಬಸವನಹುಳು ಒಂದು ಸರೋವರದಿಂದ ಇನ್ನೊಂದಕ್ಕೆ ಮೀನುಗಾರರ ಸಾಮಾನಿಗೆ ಅಂಟಿಕೊಂಡೂ ಹರಡುತ್ತದೆ. ಒಲಿಂಪಿಯಾ ನಗರದ ಕ್ಯಾಪಿಟಲ್ ಲೇಕನ್ನು 2009ರಲ್ಲಿ ಜನಬಳಕೆಗೆ ಮುಚ್ಚಿದ್ದು ಇದೇ ಹುಳುವಿನಿಂದಾಗಿ. ಆದ್ದರಿಂದ ಹೊದಿಕೆಯ ಜಿಪ್ ತೆರೆದು, ಒಳಗಿನ ಬ್ಲ್ಯಾಡರ್‌ಗಳನ್ನು, ಎಂದರೆ ಗಾಳಿ ತುಂಬುವ ಚೀಲಗಳನ್ನು, ಹೊರಗೆ ತೆಗೆದು, ಮೂಲೆಗಳಲ್ಲಿ ಸೇರಿಕೊಂಡಿದ್ದ ಕೆಸರು ಮತ್ತು ಜೊಂಡಿನ ಚೂರುಗಳನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೆಗೆದು, ತೆಳುವಾದ ಸೋಪಿನ ನೀರಿನಲ್ಲಿ ತೊಳೆದು, ನೆರಳಿನಲ್ಲಿ ಹಲವು ದಿನ ಒಣಗಲು ಬಿಟ್ಟೆ. ನೆರಳನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಬಿಸಿಲಿನ ಅತಿನೇರಳೆ ಕಿರಣಗಳು ನೈಲಾನ್ ಬಟ್ಟೆಗೂ, ಅದಕ್ಕಿಂತ ಹೆಚ್ಚಾಗಿ ಹೊಲಿಗೆಯ ದಾರಕ್ಕೂ ಹಾನಿ ಮಾಡುತ್ತವೆ, ಮತ್ತು ಈ ಸಾಧನದ ಬಲವೆಲ್ಲ ಇರುವುದು ಹೊದಿಕೆಯಲ್ಲಿಯೇ. ಬ್ಲ್ಯಾಡರ್ ಗಾಳಿಯನ್ನು ಹಿಡಿದಿಡುತ್ತದೆ, ಅಷ್ಟೇ. ಒತ್ತಡವನ್ನು ತಡೆದುಕೊಳ್ಳುವುದು ಹೊದಿಕೆ. ಜಿಪ್ ಒಂದು ಕಡೆ ಬಿಚ್ಚಿಕೊಂಡರೂ ಬ್ಲ್ಯಾಡರ್ ಅಲ್ಲಿಂದ ಹೊರಗೆ ಉಬ್ಬಿ ಒಡೆಯಬಹುದು. ಹಾಗಾಗಿ ಜಿಪ್‌ನ ಹಲ್ಲುಗಳನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಬೆರಳಾಡಿಸಿ ನೋಡಿದೆ, ಮೇಣ ಸವರಿದೆ, ಸಲೀಸಾಗಿ ಎಳೆಯಬಹುದೆಂದು ಖಚಿತಪಡಿಸಿಕೊಂಡೆ.

ಆಮೇಲೆ ಸೋರಿಕೆಯ ಪರೀಕ್ಷೆ. ಹೊದಿಕೆ ಇಲ್ಲದ ಬ್ಲ್ಯಾಡರ್‌ಗೆ ಬಿಗಿಯಾಗಿ ಗಾಳಿ ತುಂಬಿದರೆ ಅದು ಹಿಗ್ಗಿ ಹಾಳಾಗುತ್ತದೆ. ಆಕಾರ ಬರುವಷ್ಟು ಮಾತ್ರ ಗಾಳಿ ತುಂಬಿ, ಪಾತ್ರೆ ತೊಳೆಯುವ ಸೋಪಿನ ನೀರನ್ನು ಸ್ಪಂಜಿನಲ್ಲಿ ಅದ್ದಿ ಎಲ್ಲ ಕಡೆಯೂ ಹಚ್ಚಿದೆ. ಬಲಗಡೆಯ ಬ್ಲ್ಯಾಡರ್‌ನಲ್ಲಿ, ವಾಲ್ವಿನ ಬುಡ ಪ್ಲಾಸ್ಟಿಕ್ಕಿಗೆ ಸೇರುವ ವೃತ್ತದಂಚಿನಲ್ಲಿ, ಸಾಸಿವೆ ಕಾಳಿನಷ್ಟು ಗಾತ್ರದ ಗುಳ್ಳೆಯೊಂದು ನಿಧಾನವಾಗಿ ಮೂಡಿ, ಒಡೆದು, ಮತ್ತೆ ಅದೇ ಜಾಗದಲ್ಲಿ ಮೂಡಿತು. ನೀರಿನ ಮೇಲೆ ಒಂದು ಬೆಳಗು ಕಳೆಯುವವರಿಗೆ ಇದು ಗೊತ್ತೇ ಆಗುವುದಿಲ್ಲ, ಏಕೆಂದರೆ ತಣ್ಣನೆಯ ನೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ಟ್ಯೂಬ್ ಹೇಗೂ ಸ್ವಲ್ಪ ಮೆತ್ತಗಾಗುತ್ತದೆ. ಕೋಣೆಯಲ್ಲಿ ರಾತ್ರಿಯಿಡೀ ಇಟ್ಟು ನೋಡಿದಾಗ ಎಡಗಡೆಯದು ಇದ್ದಂತೆಯೇ ಇತ್ತು. ಬಲಗಡೆಯದನ್ನು ಹೆಬ್ಬೆರಳಿನಿಂದ ಒತ್ತಿದರೆ ಗುಳಿ ಬೀಳುತ್ತಿತ್ತು. ಬ್ಲ್ಯಾಡರ್ ವಿನೈಲ್‌ನದಾದ್ದರಿಂದ ವಿನೈಲ್‌ಗೆಂದೇ ತಯಾರಾದ ಟೇರ್-ಏಡ್ ಟೈಪ್ ಬಿ ಎಂಬ ತೇಪೆ ಪಟ್ಟಿಯನ್ನು ವಾಲ್ವಿನ ಸುತ್ತ ಉಂಗುರದಂತೆ ಕತ್ತರಿಸಿ ಅಂಟಿಸಿದೆ. ಯುರೆಥೇನ್ ಎಂಬ ಇನ್ನೊಂದು ಬಗೆಯ ಪ್ಲಾಸ್ಟಿಕ್ಕಿನ ಬ್ಲ್ಯಾಡರ್ ಆಗಿದ್ದರೆ ಟೈಪ್ ಎ ಬೇಕಾಗುತ್ತಿತ್ತು. ಒಂದರ ಪಟ್ಟಿ ಇನ್ನೊಂದಕ್ಕೆ ಸರಿಯಾಗಿ ಹಿಡಿಯುವುದಿಲ್ಲ.

ವಿನೈಲೋ ಯುರೆಥೇನೋ ಎಂಬ ಪ್ರಶ್ನೆ ಹೊಸದರ ಆಯ್ಕೆಯಲ್ಲಿ ಮುಂದಕ್ಕೆ ಬಂದದ್ದು ಹೀಗೆ. ವಿನೈಲ್ ಅಗ್ಗ, ಆದರೆ ತೂಕ ಹೆಚ್ಚು, ಮತ್ತು ಚಳಿಯಲ್ಲಿ ಬಿರುಸಾಗುತ್ತದೆ. ಮಡಿಸಿಟ್ಟ ಗೆರೆಗಳಲ್ಲಿಯೇ ಮುಂದೆ ಬಿರುಕು ಬರುತ್ತದೆ. ಯುರೆಥೇನ್ ಹಗುರ, ಚಳಿಯಲ್ಲೂ ಮೆತುವಾಗಿರುತ್ತದೆ, ಬೆಲೆ ಹೆಚ್ಚು. ನಾನು ಹೆಚ್ಚಾಗಿ ಹೋಗುವ ನಾರ್ತ್ ಬೆಂಡ್ ಬಳಿಯ ರ‍್ಯಾಟಲ್‌ಸ್ನೇಕ್ ಲೇಕ್‌ನಲ್ಲಿ ನೀರು ಇಳಿದಂತೆ ಹಿಂದಿನ ಕಾಡಿನ ಮರದ ಬೊಡ್ಡೆಗಳು ಮೇಲೆ ಕಾಣಿಸಿಕೊಳ್ಳುತ್ತವೆ. ಪಕ್ಕದ ಅಣೆಕಟ್ಟಿನ ನೀರು ನೆಲದೊಳಗಿನಿಂದ ಜಿನುಗಿ 1915ರಲ್ಲಿ ಮಾಂಕ್ಟನ್ ಎಂಬ ಊರು ಮುಳುಗಿದ ಜಾಗ ಅದು. ಹಿಮ್ಮುಖವಾಗಿ ಸಾಗುವವನಿಗೆ ನೀರಿನ ಮಟ್ಟದ ಸ್ವಲ್ಪ ಕೆಳಗಿರುವ ಬೊಡ್ಡೆ ಕಾಣುವುದಿಲ್ಲ. ಇಂಥ ಕಡೆ ಹೊದಿಕೆಯ ತಳಕ್ಕೆ ದಪ್ಪ ಪಿವಿಸಿ ಲೇಪವಿರುವುದು, ಎರಡು ಬದಿಯ ಬ್ಲ್ಯಾಡರ್‌ಗಳು ಒಂದಕ್ಕೊಂದು ಸಂಬಂಧವಿಲ್ಲದೆ ಇರುವುದು, ಇವೆರಡನ್ನೂ ಬೆಲೆಗಾಗಿ ಬಿಟ್ಟುಕೊಡಬಾರದು ಎಂಬುದು ನನ್ನ ಅಭಿಪ್ರಾಯ. ರಾಡ್ ಹೋಲ್ಡರ್, ಕಪ್ ಹೋಲ್ಡರ್, ಹತ್ತಾರು ಜೇಬುಗಳು, ಇವೆಲ್ಲ ಅಂಗಡಿಯಲ್ಲಿ ಕಣ್ಣಿಗೆ ಬೀಳುವಷ್ಟು ನೀರಿನಲ್ಲಿ ಕೆಲಸಕ್ಕೆ ಬರುವುದಿಲ್ಲ. ಜೇಬು ಹೆಚ್ಚಾದಷ್ಟೂ ಸಾಮಾನು ಹೆಚ್ಚುತ್ತದೆ.

ಚೌಕಟ್ಟು ಮತ್ತು ಹುಟ್ಟುಗಳಿರುವ ಪೊಂಟೂನ್ ದೋಣಿಯನ್ನೂ ಯೋಚಿಸಿದೆ. ಗಾಳಿಯೆದುರು ಅದು ಮೇಲು, ನಿಜ. ಆದರೆ ಅಪಾರ್ಟ್‌ಮೆಂಟಿನಲ್ಲಿ ಇರುವವನಿಗೆ ಅದನ್ನು ಇಡಲು ಜಾಗವಿಲ್ಲ, ಕಾರಿನ ಮೇಲೆ ಕಟ್ಟಲು ಕ್ಯಾರಿಯರ್ ಬೇಕು, ಮತ್ತು ಕ್ರ್ಯಾಬ್ ಕ್ರೀಕ್ ಕಣಿವೆಯ ಲೆನಿಸ್, ನನಲಿ ಸರೋವರಗಳಂಥ, ಕಾರು ನಿಲ್ಲಿಸಿ ನಡೆದೇ ಹೋಗಬೇಕಾದ ಕಡೆಗೆ ಅದನ್ನು ಒಬ್ಬನೇ ಹೊತ್ತೊಯ್ಯುವುದು ಕಷ್ಟ. ಬೆನ್ನಿಗೆ ಹಾಕಿಕೊಳ್ಳುವ ಪಟ್ಟಿಗಳಿರುವ ಫ್ಲೋಟ್ ಟ್ಯೂಬೇ ಸರಿ ಎಂದು ಅಲ್ಲಿಗೆ ಆ ಮಾತನ್ನು ಬಿಟ್ಟೆ.

ಉಳಿದದ್ದು ಆಸನದ ಪ್ರಶ್ನೆ, ಮತ್ತು ನಿಜವಾದ ಆಯ್ಕೆ ನಡೆದದ್ದು ಅಲ್ಲಿಯೇ. ಐಡಾಹೊ ರಾಜ್ಯದ ಔಟ್‌ಕ್ಯಾಸ್ಟ್ ಕಂಪನಿಯ ಫಿಶ್ ಕ್ಯಾಟ್ 4 ಮಾದರಿಯಲ್ಲಿ ದಪ್ಪ ಫೋಮ್ ಆಸನವಿದೆ. ಬೇರೆ ಕೆಲವದರಲ್ಲಿ ಗಾಳಿ ತುಂಬುವ ಆಸನವಿರುತ್ತದೆ. ಎರಡರಲ್ಲೂ ಸೊಂಟ ನೀರಿನಿಂದ ಮೇಲಿರುತ್ತದೆ, ಮೈ ಬೆಚ್ಚಗಿರುತ್ತದೆ, ಫ್ಲೈ ಲೈನನ್ನು, ಎಂದರೆ ಗಾಳದ ದಾರವನ್ನು, ಹಿಂದಕ್ಕೆ ಬೀಸುವಾಗ ಅದು ನೀರಿಗೆ ತಗಲುವುದಿಲ್ಲ. ಆದರೆ ಎತ್ತರಕ್ಕೂ ಮಿತಿ ಇದೆ. ಆಸನ ಮೇಲೇರಿದಷ್ಟೂ ಫಿನ್‌ಗಳು ನೀರಿನ ಆಳಕ್ಕೆ ಇಳಿಯುವುದಿಲ್ಲ, ಒದೆತದ ಬಲ ಕಡಿಮೆಯಾಗುತ್ತದೆ, ಗಾಳಿಗೆ ಮೈ ಹೆಚ್ಚು ಒಡ್ಡಿಕೊಳ್ಳುತ್ತದೆ. ನಾನು ಹೋದ ಅಂಗಡಿಯವರು ಎರಡು ಮಾದರಿಗಳಿಗೆ ಗಾಳಿ ತುಂಬಿ ನೆಲದ ಮೇಲಿಟ್ಟು ಕೂರಲು ಬಿಟ್ಟರು. ವೇಡರ್ಸ್ ಮತ್ತು ಬೂಟು ಧರಿಸಿಯೇ ಕುಳಿತು ನೋಡಿದೆ. ಸುತ್ತಲಿನವರು ನಕ್ಕರೂ ಪರವಾಗಿಲ್ಲ, ಹಾಗೆ ಕೂರದೆ ತೀರ್ಮಾನಿಸುವುದು ಸಾಧ್ಯವಿರಲಿಲ್ಲ. ಗಾಳಿಯ ಆಸನದ ಮುಂದಿನ ಅಂಚು ತೊಡೆಯ ಹಿಂಭಾಗವನ್ನು ಒತ್ತುತ್ತಿತ್ತು. ಐದು ನಿಮಿಷದಲ್ಲೇ ತಿಳಿಯುವ ಈ ಒತ್ತಡ ಮೂರನೆಯ ಗಂಟೆಗೆ ಸಹಿಸಲಾಗದ ನೋವಾಗುತ್ತದೆ. ಫೋಮ್ ಆಸನ ಹಾಗೆ ಒತ್ತಲಿಲ್ಲ, ಮತ್ತು ಅದು ತೂತಾಗುವ ಮಾತೇ ಇಲ್ಲ.

ಹೊರಬಲ್ಲ ಭಾರವನ್ನೂ ಲೆಕ್ಕ ಹಾಕಿದೆ. ಫಿಶ್ ಕ್ಯಾಟ್ 4ರ ಮಿತಿ 250 ಪೌಂಡ್, ಎಂದರೆ ಸುಮಾರು 113 ಕಿಲೋ. ನನ್ನ ತೂಕದ ಜೊತೆ ವೇಡರ್ಸ್, ಫಿನ್, ಲೈಫ್ ಜಾಕೆಟ್, ನೀರಿನ ಬಾಟಲಿ, ಗಾಳದ ಸಾಮಾನು ಎಲ್ಲ ಸೇರಿಸಿದರೂ ಮಿತಿಯ ಮುಕ್ಕಾಲು ಭಾಗವನ್ನು ಹೆಚ್ಚು ದಾಟುವುದಿಲ್ಲ. ಮಿತಿಯ ಹತ್ತಿರ ಹೋದಂತೆ ಟ್ಯೂಬ್ ನೀರಿನಲ್ಲಿ ತಗ್ಗಿ ಕೂರುತ್ತದೆ ಮತ್ತು ಎತ್ತರದ ಆಸನಕ್ಕೆಂದು ಕೊಟ್ಟ ಹಣ ವ್ಯರ್ಥವಾಗುತ್ತದೆ. ಮುಂಭಾಗ ತೆರೆದಿರುವ V ಆಕಾರದಿಂದಾಗಿ ದಡದಲ್ಲಿ ಫಿನ್ ಕಟ್ಟಿಕೊಂಡೇ ಹಿಂದಕ್ಕೆ ಹೆಜ್ಜೆಯಿಟ್ಟು ಕುಳಿತುಬಿಡಬಹುದು ಎಂಬುದೂ ಒಂದು ಅನುಕೂಲ. ಶರತ್ಕಾಲದ ಕೊನೆಯಲ್ಲಿ ಅಂಗಡಿಗಳು ದಾಸ್ತಾನು ಖಾಲಿ ಮಾಡುವಾಗ ಅದನ್ನೇ ಕೊಂಡೆ.

ಹಳೆಯದನ್ನು ಮಾತ್ರ ಆಗ ಮಾರಲಿಲ್ಲ. ಇಲ್ಲಿ ತಗ್ಗುಪ್ರದೇಶದ ಅನೇಕ ಸರೋವರಗಳು ಏಪ್ರಿಲ್ ತಿಂಗಳ ನಾಲ್ಕನೆಯ ಶನಿವಾರ ಮೀನುಗಾರಿಕೆಗೆ ತೆರೆದುಕೊಳ್ಳುತ್ತವೆ. ಅದಕ್ಕೆ ಮುಂಚಿನ ವಾರಗಳಲ್ಲಿ ಇಂಥ ಸಾಮಾನು ಹುಡುಕುವವರು ಹೆಚ್ಚು. ಚಳಿಗಾಲ ಮುಗಿಯುವವರೆಗೆ ಕಾದು, ಗಾಳಿ ತುಂಬಿದ್ದು, ಮಡಿಸಿದ್ದು, ಜಿಪ್ಪಿನದು, ಪಟ್ಟಿ ಹಾಕಿದ ವಾಲ್ವಿನದು ಹೀಗೆ ಚಿತ್ರಗಳನ್ನು ತೆಗೆದು, ಸೋರಿಕೆ ಎಲ್ಲಿತ್ತು, ಏನು ಮಾಡಿದ್ದೇನೆ, ಆಸನ ತಗ್ಗಿನದು ಎಂಬುದನ್ನೆಲ್ಲ ಬರೆದು 80 ಡಾಲರ್ ಎಂದು ಜಾಹೀರಾತು ಹಾಕಿದೆ. ದೋಷವನ್ನು ಮೊದಲೇ ಬರೆದದ್ದರಿಂದ ಚೌಕಾಸಿ ಬಹುಮಟ್ಟಿಗೆ ತಪ್ಪಿತು. ಬೆಲೆಗಿಂತ ಹೆಚ್ಚು ಹಣ ಕಳಿಸುತ್ತೇನೆ, ಉಳಿದದ್ದನ್ನು ಸಾಗಣೆಯವನಿಗೆ ಕೊಡಿ ಎಂದು ಬರೆದವನಿಗೆ ಉತ್ತರಿಸಲಿಲ್ಲ. ಅದು ಇಲ್ಲಿ ಎಲ್ಲರಿಗೂ ಗೊತ್ತಿರುವ ಮೋಸ.

ಕೊಂಡವರು ಹದಿಹರೆಯದ ಮಗಳಿಗಾಗಿ ಟ್ಯೂಬ್ ಹುಡುಕುತ್ತಿದ್ದ ಒಬ್ಬ ತಂದೆ. ಹಗಲು ಹೊತ್ತಿನಲ್ಲಿ, ಅಂಗಡಿ ಸಾಲಿನ ಮುಂದಿನ ಪಾರ್ಕಿಂಗ್ ಜಾಗದಲ್ಲಿ ಅವರ ಎದುರಿನಲ್ಲೇ ಗಾಳಿ ತುಂಬಿ, ವಾಲ್ವಿಗೆ ಸೋಪಿನ ನೀರು ಹಚ್ಚಿ ತೋರಿಸಿದೆ. ಹುಡುಗಿ ಹಗುರವಾಗಿದ್ದುದರಿಂದ ನನ್ನಷ್ಟು ತಗ್ಗಿ ಕೂರುವುದಿಲ್ಲ ಎಂದು ನಾನು ಹೇಳಿದಾಗ ಆಕೆ ಅಲ್ಲಿಯೇ, ಡಾಂಬರಿನ ಮೇಲೆಯೇ, ಕುಳಿತು ನೋಡಿದಳು. ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಗಾಳಿ ತುಂಬಿದ ಟ್ಯೂಬನ್ನು ಬಿಡಬಾರದು, ಗಾಳಿ ಹಿಗ್ಗಿ ಬೆಸುಗೆ ಬಿಚ್ಚುತ್ತದೆ, ಬೇರೆ ಸರೋವರಕ್ಕೆ ಒಯ್ಯುವ ಮುನ್ನ ಪೂರ್ತಿ ಒಣಗಿಸಬೇಕು, ಲೈಫ್ ಜಾಕೆಟ್ ಇಲ್ಲದೆ ನೀರಿಗೆ ಇಳಿಯಬಾರದು ಎಂದು ಹೇಳಿದೆ. ತಂದೆ 80 ಡಾಲರನ್ನು ನಗದಾಗಿ ಕೊಟ್ಟರು. ಹಳೆಯ ಕೈಪಂಪಿನ ನಳಿಕೆ ನನ್ನ ಹೊಸ ಟ್ಯೂಬಿನ ವಾಲ್ವಿಗೆ ಹೊಂದುತ್ತಿರಲಿಲ್ಲ. ಅದನ್ನೂ, ಮಿಕ್ಕಿದ್ದ ಟೈಪ್ ಬಿ ಪಟ್ಟಿಯನ್ನೂ ಅವರಿಗೇ ಕೊಟ್ಟು ಕಳಿಸಿದೆ.