ಕಂದು ಬಣ್ಣದ ಐಶ್ಯಾಡೋ: ಅಂಗಡಿಯಲ್ಲೊಂದು ಪರೀಕ್ಷೆ, ಲೋಕಲ್‌ನಲ್ಲೊಂದು ಪರೀಕ್ಷೆ

ನ್ಯೂಟ್ರಲ್ ಐಶ್ಯಾಡೋ ಪ್ಯಾಲೆಟ್ ಅಂದರೆ ಕಣ್ಣಿನ ರೆಪ್ಪೆಗೆ ಹಚ್ಚುವ ಕೆನೆ, ಕಂದು, ಇಟ್ಟಿಗೆ, ಕಾಫಿ ಬಣ್ಣಗಳೇ ತುಂಬಿರುವ ಡಬ್ಬಿ. ನೀಲಿ, ಹಸಿರು, ನೇರಳೆಯ ಗೊಡವೆ ಇಲ್ಲ. ಆಫೀಸಿಗೂ ನಡೆಯುತ್ತದೆ, ಮುಂಬೈನ ಮಾಟುಂಗದ ಮೈಸೂರು ಅಸೋಸಿಯೇಷನ್‌ನಲ್ಲಿ ನಾಟಕ ನೋಡಲು ಹೋಗುವಾಗಲೂ ನಡೆಯುತ್ತದೆ. ಅರ್ಬನ್ ಡಿಕೇ ಎಂಬ ಅಮೆರಿಕದ ಮೇಕಪ್ ಕಂಪನಿ 2010ರಲ್ಲಿ ‘ನೇಕೆಡ್’ ಎಂಬ 12 ಬಣ್ಣಗಳ ಪ್ಯಾಲೆಟ್ ತಂದ ಮೇಲೆ ಈ ಬಗೆಯ ಡಬ್ಬಿಗಳಿಗೆ ಭಾರಿ ಬೇಡಿಕೆ ಬಂತು. ಆ ಪ್ಯಾಲೆಟ್ 2018ರಲ್ಲಿ ನಿಂತಿತು. ಆದರೆ ಅದೇ ಅಚ್ಚಿನ ಡಬ್ಬಿಗಳು ಇವತ್ತು ದಾದರ್‌ನ ಸಣ್ಣ ಅಂಗಡಿಯಲ್ಲೂ ಇವೆ, ಮಾಲ್‌ನಲ್ಲೂ ಇವೆ.

ತೊಂದರೆ ಏನೆಂದರೆ, ಡಬ್ಬಿಯಲ್ಲಿ ಚೆಂದ ಕಂಡ ಬಣ್ಣ ನಮ್ಮ ರೆಪ್ಪೆಯ ಮೇಲೂ ಚೆಂದ ಕಾಣುತ್ತದೆ ಅನ್ನುವ ಭರವಸೆ ಇಲ್ಲ. ಕಂಡರೂ ಮುಂಬೈ ಬೆವರಿಗೆ ಮಧ್ಯಾಹ್ನದವರೆಗೆ ನಿಲ್ಲಬೇಕಲ್ಲ! ಹಾಗಾಗಿ ಕೊಳ್ಳುವ ಮೊದಲು ಒಂದು ಸಲ, ಕೊಂಡ ಮೇಲೆ ಒಂದು ಸಲ ಪರೀಕ್ಷೆ ಮಾಡಲೇಬೇಕು.

ಅಂಗಡಿಯಲ್ಲಿ

ಟೆಸ್ಟರ್ ಇಟ್ಟಿದ್ದರೆ ಕೈಗೆ ಮಾತ್ರ ಹಚ್ಚಿ. ಕಣ್ಣಿನ ಹತ್ತಿರ ಒಯ್ಯಬೇಡಿ. ಅದೇ ಪುಡಿಗೆ ಎಷ್ಟೋ ಜನ ಬೆರಳು ಅದ್ದಿರುತ್ತಾರೆ, ಕಣ್ಣಿನ ಸೋಂಕು ಹೀಗೂ ಹರಡುತ್ತದೆ. ಸೇಲ್ಸ್ ಹುಡುಗಿ ಎಷ್ಟೇ ಪ್ರೀತಿಯಿಂದ ಬ್ರಷ್ ಹಿಡಿದು ಬಂದರೂ ‘ಬೇಡಮ್ಮ, ಕೈಗೇ ಹಚ್ಚು’ ಅನ್ನಿ.

ಕೈಯಲ್ಲಿ ಎಲ್ಲಿ ಹಚ್ಚುವುದು? ಮಣಿಕಟ್ಟಿನ ಒಳಭಾಗ ಮುಖಕ್ಕಿಂತ ಬೆಳ್ಳಗಿರುತ್ತದೆ. ಅಂಗೈ ಹಿಂಭಾಗ ಬಿಸಿಲಿಗೆ ಕಪ್ಪಾಗಿರುತ್ತದೆ. ಎರಡೂ ಕಡೆ ಒಂದೊಂದು ಗೆರೆ ಎಳೆಯಿರಿ, ನಿಮ್ಮ ರೆಪ್ಪೆಯ ಬಣ್ಣ ಹೆಚ್ಚುಕಡಿಮೆ ಇವೆರಡರ ನಡುವೆ ಎಲ್ಲೋ ಇರುತ್ತದೆ. ಆಮೇಲೆ ಬಾಗಿಲಿನಾಚೆ ಬಂದು ಹಗಲು ಬೆಳಕಿನಲ್ಲಿ ನೋಡಿ. ಅಂಗಡಿಯ ಹಳದಿ ದೀಪದ ಕೆಳಗೆ ಎಲ್ಲ ಕಂದು ಬಣ್ಣವೂ ಜೇನಿನಂತೆ ಬೆಚ್ಚಗೆ ಕಾಣುತ್ತದೆ, ನಂಬಬೇಡಿ.

ಎಲ್ಲ ಬಣ್ಣವನ್ನೂ ಹಚ್ಚಿ ನೋಡುವ ಅಗತ್ಯ ಇಲ್ಲ. ನಡುವಿನ ಕಂದುಗಳು ಅಗ್ಗದ ಪ್ಯಾಲೆಟ್‌ನಲ್ಲೂ ಸುಮಾರಾಗಿ ಚೆನ್ನಾಗಿಯೇ ಇರುತ್ತವೆ. ಡಬ್ಬಿಯ ಗುಣ ಗೊತ್ತಾಗುವುದು ಎರಡು ತುದಿಗಳಲ್ಲಿ: ಅತಿ ತಿಳಿ ಬಣ್ಣ, ಅತಿ ಗಾಢ ಬಣ್ಣ. ಗಾಢ ಕಂದು ಒಂದೇ ಸಲಕ್ಕೆ ಸಮನಾಗಿ ಕೂರಬೇಕು. ತೇಪೆ ತೇಪೆಯಾಗಿ ಕೂತರೆ ರೆಪ್ಪೆಯ ಮೇಲೂ ಹಾಗೇ ಕೂರುತ್ತದೆ.

ತಿಳಿ ಬಣ್ಣದ ಕಥೆ ಬೇರೆ. ಐಶ್ಯಾಡೋದಲ್ಲಿ ಸಾಮಾನ್ಯವಾಗಿ ಟಾಲ್ಕ್, ಮೈಕಾ, ಬಣ್ಣಕ್ಕೆ ಐರನ್ ಆಕ್ಸೈಡ್, ಬಿಳುಪಿಗೆ ಟೈಟೇನಿಯಂ ಡೈಆಕ್ಸೈಡ್ ಇರುತ್ತವೆ. ಬಿಳಿ ಪುಡಿ ಜಾಸ್ತಿಯಾದರೆ ಗೋಧಿ ಮೈಬಣ್ಣ, ಎಣ್ಣೆಗಪ್ಪು ಮೈಬಣ್ಣದ ಮೇಲೆ ಬೂದು ಛಾಯೆ ಬರುತ್ತದೆ. ಡೊಂಬಿವಲಿಯಲ್ಲಿರುವ ನನ್ನ ಅಕ್ಕನ ಮಗಳು ಇಂಥದ್ದೊಂದು ಕೆನೆ ಬಣ್ಣ ಹಚ್ಚಿಕೊಂಡು ಬಂದು ‘ಚಿಕ್ಕಮ್ಮಾ, ವಿಭೂತಿ ಬಳಿದ ಹಾಗೆ ಕಾಣ್ತಿದೆ ಅಲ್ವಾ?’ ಎಂದಳು. ಹೌದು, ಹಾಗೇ ಕಾಣುತ್ತಿತ್ತು. ಬೂದು, ತಿಳಿನೇರಳೆ ಬೆರೆತ ಕಂದುಗಳಲ್ಲಿ ಈ ಕಾಟ ಜಾಸ್ತಿ. ನಮ್ಮಲ್ಲಿ ಬಹಳ ಜನಕ್ಕೆ ಹಳದಿ, ಕೆಂಪು ಬೆರೆತ ಕಂದುಗಳೇ ಒಪ್ಪುತ್ತವೆ: ಇಟ್ಟಿಗೆ, ತಾಮ್ರ, ಬೆಲ್ಲದ ಬಣ್ಣ.

ಮ್ಯಾಟ್ ಬಣ್ಣಗಳು, ಅಂದರೆ ಮಿನುಗಿಲ್ಲದವು, ಕನಿಷ್ಠ ಅರ್ಧದಷ್ಟಾದರೂ ಇವೆಯೇ ಎಂದು ಎಣಿಸಿ. ಬರೀ ಮಿನುಗು ತುಂಬಿದ ಡಬ್ಬಿ ಗಾಜಿನ ಕಪಾಟಿನಲ್ಲಿ ಶ್ರೀಮಂತವಾಗಿ ಕಾಣುತ್ತದೆ, ಸೋಮವಾರ ಬೆಳಿಗ್ಗೆ ಉಪಯೋಗಕ್ಕೆ ಬರುವುದಿಲ್ಲ.

ಡಬ್ಬಿ ತಿರುಗಿಸಿ ಲೇಬಲ್ ಓದಿ. ವಿದೇಶಿ ಮಾಲಾದರೆ ಆಮದು ಮಾಡಿದವರ ಹೆಸರು, ವಿಳಾಸ, ನೋಂದಣಿ ಸಂಖ್ಯೆ ಇರಬೇಕು. ಮುಚ್ಚಳ ತೆರೆದ ಡಬ್ಬಿಯ ಚಿತ್ರದ ಒಳಗೆ ‘12 ಎಂ’ ಅಥವಾ ‘24 ಎಂ’ ಎಂದಿದ್ದರೆ ತೆರೆದ ಮೇಲೆ ಅಷ್ಟು ತಿಂಗಳು ಬಳಸಬಹುದು ಎಂದರ್ಥ. ಕ್ರಾಫರ್ಡ್ ಮಾರ್ಕೆಟ್ ಕಡೆ ಅಸಲಿಯೂ ಸಿಗುತ್ತದೆ, ನಕಲಿಯೂ ಸಿಗುತ್ತದೆ. ಬಳೆ, ಕ್ಲಿಪ್ಪಿಗೆ ಚೌಕಾಸಿ ಮಾಡಿ. ಕಣ್ಣಿಗೆ ಹಚ್ಚುವುದರಲ್ಲಿ ಬೇಡ.

ಮನೆಯಲ್ಲಿ

ಹಿಂದಿನ ರಾತ್ರಿ ಮೊಣಕೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ ಮಲಗಿ. ಬೆಳಿಗ್ಗೆ ತುರಿಕೆ, ಕೆಂಪು ಇಲ್ಲದಿದ್ದರೆ ಮುಂದುವರಿಯಿರಿ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಮೊದಲು ಲೆನ್ಸ್ ಹಾಕಿ, ಆಮೇಲೆ ಮೇಕಪ್.

ಮುಖ ತೊಳೆದು, ರೆಪ್ಪೆಯನ್ನು ಒಣಗಿಸಿ. ಕ್ರೀಮನ್ನು ರೆಪ್ಪೆಗೆ ಹಚ್ಚಬೇಡಿ. ಜಿಡ್ಡಿದ್ದರೆ ಬಣ್ಣ ಮಡಿಕೆಯೊಳಗೆ ಸೇರಿ ಗೆರೆ ಕಟ್ಟುತ್ತದೆ. ಬಣ್ಣ ಹಿಡಿದು ನಿಲ್ಲಿಸುವ ಐ ಪ್ರೈಮರ್ ಒಂದು ಅಕ್ಕಿಕಾಳಿನಷ್ಟು ಎರಡೂ ಕಣ್ಣಿಗೆ ಸಾಕು. ಪ್ರೈಮರ್ ಇಲ್ಲದಿದ್ದರೆ ಕಲೆ ಮುಚ್ಚುವ ಕನ್ಸೀಲರನ್ನು ತೆಳ್ಳಗೆ ಹಚ್ಚಿ, ಮೇಲೆ ಚೂರು ಪೌಡರ್ ಒತ್ತಿ. ಫೌಂಡೇಶನ್ ಈಗಲೇ ಬೇಡ. ಕಣ್ಣಿನ ಕೆಲಸ ಮುಗಿದ ಮೇಲೆ ಹಚ್ಚಿದರೆ ಕೆನ್ನೆಗೆ ಉದುರಿದ ಪುಡಿಯನ್ನು ಒರೆಸಿಬಿಡಬಹುದು.

ಮೊದಲ ಬಣ್ಣ ನಿಮ್ಮ ಚರ್ಮಕ್ಕಿಂತ ಒಂದೇ ಒಂದು ಮೆಟ್ಟಿಲು ಗಾಢವಾದ ಮ್ಯಾಟ್. ಇಡೀ ಕೆಲಸದಲ್ಲಿ ಇದೇ ಮುಖ್ಯ, ಇಲ್ಲಿ ಅವಸರ ಮಾಡಬೇಡಿ. ಬೆರಳಿನಿಂದ ರೆಪ್ಪೆಯ ಮೇಲೆ ಮೆಲ್ಲಗೆ ಸವರಿದರೆ ಕಣ್ಣುಗುಡ್ಡೆ ಮುಗಿದು ಎಲುಬು ಶುರುವಾಗುವ ಜಾಗ ಸಿಗುತ್ತದೆ. ಬಣ್ಣ ಅಲ್ಲಿಗೆ. ತುಪ್ಪುಳು ತುಪ್ಪುಳಾದ ಬ್ಲೆಂಡಿಂಗ್ ಬ್ರಷ್ಷನ್ನು ಪುಡಿಗೆ ತಾಗಿಸಿ, ಡಬ್ಬಿಯ ಅಂಚಿಗೆ ತಟ್ಟಿ ಹೆಚ್ಚಿನದನ್ನು ಉದುರಿಸಿ. ಬ್ರಷ್ಷನ್ನು ಪೆನ್ನಿನಂತೆ ಬುಡದಲ್ಲಿ ಹಿಡಿದರೆ ಕೈ ಒತ್ತಡ ಜಾಸ್ತಿಯಾಗುತ್ತದೆ, ಹಿಡಿಕೆಯ ತುದಿಯಲ್ಲಿ ಹಿಡಿಯಿರಿ. ಹೊರಗಿನ ಮೂಲೆಯಿಂದ ಒಳಗೆ, ಒಳಗಿನಿಂದ ಹೊರಗೆ, ಹಗುರವಾಗಿ ಆಡಿಸುತ್ತಾ ಬನ್ನಿ. ಬಣ್ಣ ಎಲ್ಲಿ ಮುಗಿಯಿತು ಎಂದು ಗೊತ್ತಾಗಬಾರದು. ರೆಪ್ಪೆ ಸ್ವಲ್ಪ ಇಳಿಬಿದ್ದಿದ್ದರೆ ಕಣ್ಣು ತೆರೆದುಕೊಂಡೇ ನೇರ ಕನ್ನಡಿ ನೋಡುತ್ತಾ ಮಡಿಕೆಗಿಂತ ಒಂಚೂರು ಮೇಲೆ ಹಚ್ಚಿ. ಇಲ್ಲದಿದ್ದರೆ ಕಣ್ಣು ತೆರೆದ ಕೂಡಲೇ ಪಟ್ಟ ಕಷ್ಟವೆಲ್ಲ ಮಡಿಕೆಯೊಳಗೆ ಮಾಯ.

ಎರಡನೆಯದು ರೆಪ್ಪೆಗೆ. ನಡುವಿನ ಕಂದು, ಚಪ್ಪಟೆ ಬ್ರಷ್. ಉಜ್ಜಬೇಡಿ, ಒತ್ತಿ ಒತ್ತಿ ಕೂರಿಸಿ. ಮಾಮೂಲಿ ದಿನಕ್ಕೆ ಇಲ್ಲಿಗೇ ನಿಲ್ಲಿಸಬಹುದು.

ಮದುವೆ, ನವರಾತ್ರಿ ಪೂಜೆ ಅಂತಿದ್ದರೆ ಗಾಢ ಕಂದನ್ನು ಹೊರಮೂಲೆಗೆ ಚಿಕ್ಕ ಬ್ರಷ್ಷಿನಲ್ಲಿ ಚುಕ್ಕೆಯಷ್ಟು ಹಚ್ಚಿ. ಆಮೇಲೆ ಮೊದಲಿನ ಬ್ರಷ್ಷನ್ನೇ, ಹೊಸದಾಗಿ ಪುಡಿ ತೆಗೆದುಕೊಳ್ಳದೆ, ಅಂಚಿನ ಮೇಲೆ ಆಡಿಸಿ. ಮಿನುಗು ಬಣ್ಣಕ್ಕೆ ಬ್ರಷ್‌ಗಿಂತ ಉಂಗುರ ಬೆರಳೇ ಮೇಲು. ರೆಪ್ಪೆಯ ನಡುಮಧ್ಯಕ್ಕೆ ತಟ್ಟಿದರೆ ಸಾಕು. ವಯಸ್ಸಾದವರು ಮಿನುಗು ಹಚ್ಚಬಾರದು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ದಪ್ಪ ಮಿನುಗು ಸುಕ್ಕನ್ನು ಎತ್ತಿ ತೋರಿಸುತ್ತದೆ ನಿಜ, ಆದರೆ ನಯವಾದ ಸ್ಯಾಟಿನ್ ಹೊಳಪು ಯಾರಿಗೂ ಕೆಡುವುದಿಲ್ಲ. ಇಳಕಲ್ ಸೀರೆಗೆ ತಾಮ್ರದ ಬಣ್ಣ ಹಚ್ಚಿ ನೋಡಿ. ಕಾಡಿಗೆ ಕೊನೆಗೆ.

ಕನ್ನಡಕದವರಿಗೆ ಒಂದು ಮಾತು. ಮೈನಸ್ ಪವರ್ ಗಾಜು ಕಣ್ಣನ್ನು ಚಿಕ್ಕದಾಗಿ ತೋರಿಸುತ್ತದೆ, ಆದ್ದರಿಂದ ರೆಪ್ಪೆಗೆ ತಿಳಿ ಬಣ್ಣ ಇರಲಿ. ಪ್ಲಸ್ ಪವರ್ ದೊಡ್ಡದಾಗಿ ತೋರಿಸುತ್ತದೆ, ಸರಿಯಾಗಿ ಹರಡದ ಬಣ್ಣವೂ ಎದ್ದು ಕಾಣುತ್ತದೆ.

ಲೋಕಲ್‌ನಲ್ಲಿ

ಬಲಗಣ್ಣಿಗೆ ಪ್ರೈಮರ್ ಹಚ್ಚಿ, ಎಡಗಣ್ಣಿಗೆ ಹಚ್ಚಬೇಡಿ. ಎರಡಕ್ಕೂ ಅದೇ ಬಣ್ಣ. ಕಿಟಕಿಯ ಹತ್ತಿರ ನಿಂತು ಒಂದು ಫೋಟೊ ತೆಗೆದುಕೊಂಡು, ಲೋಕಲ್ ರೈಲು ಹಿಡಿದು ಕೆಲಸಕ್ಕೆ ಹೊರಡಿ. ಆಫೀಸ್ ತಲುಪಿದಾಗ, ಊಟದ ಹೊತ್ತಿಗೆ, ಸಂಜೆ ಕನ್ನಡಿ ನೋಡಿಕೊಳ್ಳಿ. ಮಡಿಕೆಯಲ್ಲಿ ಗೆರೆ ಬಿದ್ದಿದೆಯೇ? ಮಿನುಗು ಕೆನ್ನೆಗೆ ಇಳಿದಿದೆಯೇ? ಚರ್ಮದ ಎಣ್ಣೆ ಹೀರಿ ಕಂದು ಇನ್ನಷ್ಟು ಕಪ್ಪಾಗಿದೆಯೇ? ಎರಡೂ ಕಣ್ಣಿನಲ್ಲಿ ಗೆರೆ ಬಿದ್ದಿದ್ದರೆ ತಪ್ಪು ಪುಡಿಯದ್ದೂ ಇರಬಹುದು. ಎಡಗಣ್ಣಿನಲ್ಲಿ ಮಾತ್ರ ಬಿದ್ದಿದ್ದರೆ ಪ್ಯಾಲೆಟ್‌ಗೆ ಬೈಯಬೇಡಿ, ಪ್ರೈಮರ್ ಇಟ್ಟುಕೊಳ್ಳಿ. ಈ ಪರೀಕ್ಷೆಯನ್ನು ಮೇ ತಿಂಗಳಲ್ಲಿ ಮಾಡಿದರೆ ಇನ್ನೂ ಒಳ್ಳೆಯದು. ಆ ಸೆಕೆಗೆ ನಿಂತದ್ದು ಡಿಸೆಂಬರ್‌ನಲ್ಲಿ ನಿಂತೇ ನಿಲ್ಲುತ್ತದೆ.

ಲೇಡೀಸ್ ಡಬ್ಬಾದಲ್ಲಿ ನಿಂತುಕೊಂಡೇ ಐಲೈನರ್ ಎಳೆಯುವವರಿಗೆ ದೊಡ್ಡ ನಮಸ್ಕಾರ. ಆದರೆ ಪುಡಿ ಐಶ್ಯಾಡೋವನ್ನು ಅಲ್ಲಿ ತೆರೆಯಬೇಡಿ. ಘಾಟ್‌ಕೋಪರ್‌ನಲ್ಲಿ ನುಗ್ಗುವ ಗುಂಪಿಗೆ ಡಬ್ಬಿ ಕೈಯಲ್ಲಿ ಉಳಿಯುವುದಿಲ್ಲ, ಬಣ್ಣವೆಲ್ಲ ಪಕ್ಕದವರ ದುಪಟ್ಟಾಕ್ಕೆ.

ತೆಗೆಯುವುದು, ಇಡುವುದು

ರಾತ್ರಿ ಮೊದಲು ಲೆನ್ಸ್ ತೆಗೆಯಿರಿ. ಹತ್ತಿಗೆ ಮೇಕಪ್ ರಿಮೂವರ್ ಹಾಕಿ ಮುಚ್ಚಿದ ಕಣ್ಣಿನ ಮೇಲೆ ಅರ್ಧ ನಿಮಿಷ ಹಾಗೇ ಇಟ್ಟು, ಕೆಳಮುಖವಾಗಿ ಒರೆಸಿ. ತೆಂಗಿನೆಣ್ಣೆಯೂ ಆಗುತ್ತದೆ, ಕಣ್ಣೊಳಗೆ ಹೋಗದಿರಲಿ, ಆಮೇಲೆ ಫೇಸ್‌ವಾಶ್ ಹಾಕಿ ತೊಳೆಯಿರಿ. ಬ್ರಷ್‌ಗಳನ್ನು ವಾರಕ್ಕೊಮ್ಮೆ ಶಾಂಪೂ ನೀರಿನಲ್ಲಿ ತೊಳೆದು, ಮಲಗಿಸಿ ಒಣಗಿಸಿ. ಕಣ್ಣು ಬಂದಿದ್ದಾಗ ಬಳಸಿದ ಕಾಡಿಗೆಯನ್ನು ಬಿಸಾಡಿ, ಪ್ಯಾಲೆಟ್ ಮೇಲೂ ಮೋಹ ಬೇಡ.

ಮಳೆಗಾಲದಲ್ಲಿ ಡಬ್ಬಿಯನ್ನು ಬಾತ್‌ರೂಮಿನ ಕಪಾಟಿನಲ್ಲಿ ಇಡಬೇಡಿ. ಪುಡಿಯ ಮೇಲೆ ಗಟ್ಟಿ ಪದರ ಕಟ್ಟಿ ಬಣ್ಣ ಬರುತ್ತಿಲ್ಲ ಅಂದರೆ ಅದು ಬೆರಳಿನ ಎಣ್ಣೆ. ಸೆಲ್ಲೋಟೇಪ್ ಒತ್ತಿ ಎತ್ತಿದರೆ ಪದರ ಕಿತ್ತು ಬರುತ್ತದೆ. ಕೈಜಾರಿ ಬಿದ್ದು ಒಂದು ಬಣ್ಣ ಪುಡಿಪುಡಿಯಾದರೆ ಅದನ್ನು ನಯವಾಗಿ ಅರೆದು, ಐಸೊಪ್ರೊಪೈಲ್ ಆಲ್ಕೊಹಾಲ್ ಕೆಲವು ಹನಿ ಹಾಕಿ, ಮೇಲೆ ಟಿಶ್ಯೂ ಇಟ್ಟು ನಾಣ್ಯದಿಂದ ಗಟ್ಟಿಯಾಗಿ ಒತ್ತಿ. ಒಂದು ರಾತ್ರಿ ಮುಚ್ಚಳ ತೆರೆದಿಟ್ಟರೆ ಆಲ್ಕೊಹಾಲ್ ಆರಿಹೋಗುತ್ತದೆ. ಅದು ಪೂರ್ತಿ ಆರುವ ಮೊದಲು ಕಣ್ಣಿಗೆ ಹಚ್ಚಬೇಡಿ, ಉರಿಯುತ್ತದೆ.