ಸೋರುತ್ತಿದ್ದದ್ದು ಒಂದು ವಾಲ್ವ್, ಕೆಟ್ಟಿದ್ದು ಇನ್ನೊಂದು

ನಾವಿರುವುದು ಇಂಗ್ಲೆಂಡಿನ ರೆಡಿಂಗಿನಲ್ಲಿ. ಅಡುಗೆಮನೆ ಗೋಡೆಯ ಮೇಲೆ ಗ್ಯಾಸಿನ ಕಾಂಬಿ ಬಾಯ್ಲರ್ ಇದೆ. ಊರಿನವರಿಗೆ ಹೇಳಬೇಕೆಂದರೆ, ಇದರಲ್ಲಿ ಗೀಸರಿನ ಹಾಗೆ ನೀರು ತುಂಬಿಡುವ ಟ್ಯಾಂಕ್ ಇರುವುದಿಲ್ಲ. ನಲ್ಲಿ ತಿರುಗಿಸಿದಾಗ ಆಗಿಂದಾಗಲೇ ನೀರು ಕಾಯಿಸಿ ಕೊಡುತ್ತದೆ, ಉಳಿದ ಹೊತ್ತಿನಲ್ಲಿ ರೂಮುಗಳನ್ನು ಬೆಚ್ಚಗಿಡುವ ರೇಡಿಯೇಟರುಗಳಿಗೆ ಬಿಸಿನೀರು ಸುತ್ತಿಸುತ್ತದೆ. ರೇಡಿಯೇಟರಿನಲ್ಲಿ ಸುತ್ತುವ ನೀರು ಬೇರೆ, ನಾವು ಸ್ನಾನ ಮಾಡುವ ನೀರು ಬೇರೆ. ಇದೊಂದು ತಲೆಯಲ್ಲಿದ್ದರೆ ಮುಂದಿನದೆಲ್ಲ ಸುಲಭ.

ನಮ್ಮ ಮನೆ ಹಿತ್ತಿಲ ಗೋಡೆಯಿಂದ 15 ಎಂಎಂ ತಾಮ್ರದ ಪೈಪೊಂದು ಹೊರಗೆ ಬಂದು, ತುದಿ ಮತ್ತೆ ಗೋಡೆಯ ಕಡೆಗೇ ಬಾಗಿದೆ. ಅದರಿಂದ ನೀರು ತೊಟ್ಟಿಕ್ಕುತ್ತಿತ್ತು. ಪಕ್ಕದಲ್ಲೇ ಇರುವ ಬಿಳಿ ಪ್ಲಾಸ್ಟಿಕ್ ಪೈಪಿನಿಂದ ನೀರು ಬಂದರೆ ತಲೆ ಕೆಡಿಸಿಕೊಳ್ಳಬೇಡಿ, ಅದು ಬಾಯ್ಲರ್ ಉರಿಯುವಾಗ ಹೊಗೆ ತಣ್ಣಗಾಗಿ ಬರುವ ನೀರು. ತಾಮ್ರದ ಪೈಪು ಹಾಗಲ್ಲ, ಅದು ಒಣಗಿರಬೇಕು. ಅದು ಪ್ರೆಷರ್ ರಿಲೀಫ್ ವಾಲ್ವಿನದು. ಒಳಗಿನ ಒತ್ತಡ 3 ಬಾರ್ ಮುಟ್ಟಿದರೆ ಈ ವಾಲ್ವ್ ತೆರೆದು ನೀರನ್ನು ಹೊರಗೆ ಬಿಡುತ್ತದೆ. ಕುಕ್ಕರಿನ ಸೇಫ್ಟಿ ವಾಲ್ವ್ ಇದೆಯಲ್ಲ, ಅದೇ ಕೆಲಸ.

ಫೋನಿನಲ್ಲಿ ವಿಚಾರಿಸಿದಾಗ ಒಬ್ಬರು "ವಾಲ್ವ್ ಹೋಗಿದೆ, ಬದಲಾಯಿಸಿದರೆ ಸರಿ" ಅಂದುಬಿಟ್ಟರು. ನನಗೆ ಒಪ್ಪಿಗೆ ಆಗಲಿಲ್ಲ. ಸೇಫ್ಟಿ ವಾಲ್ವ್ ನೀರು ಬಿಡುತ್ತಿದೆ ಅಂದರೆ ಅದು ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿರಬಹುದು, ಅಲ್ವಾ? ಒತ್ತಡ ಯಾಕೆ ಏರಿತು ಅಂತ ನೋಡದೆ ಅದನ್ನೊಂದೇ ಬದಲಾಯಿಸಿದರೆ ಹೊಸದೂ ಸೋರುತ್ತದೆ.

ಹಾಗಾಗಿ ಮೊದಲು ಪಾನಾ ಹಿಡಿಯಲಿಲ್ಲ, ಒತ್ತಡ ತೋರಿಸುವ ಗೇಜ್ ನೋಡುತ್ತಾ ಕೂತೆ. ಬಾಯ್ಲರ್ ತಣ್ಣಗಿದ್ದಾಗ ಮುಳ್ಳು 1ರಿಂದ 1.5 ಬಾರ್ ಒಳಗೆ ಇರಬೇಕು. ಬಿಸಿಯಾದರೆ ಸ್ವಲ್ಪ ಏರುತ್ತದೆ, ತಣಿದರೆ ಇಳಿಯುತ್ತದೆ. ತಣ್ಣಗಿದ್ದಾಗ ಸರಿಯಿದ್ದು, ಹೀಟಿಂಗ್ ಹಾಕಿದ ಕೂಡಲೇ 3ರ ಕಡೆ ಓಡಿದರೆ ಅನುಮಾನ ಪಡಬೇಕಾದ್ದು ಎಕ್ಸ್‌ಪಾನ್ಷನ್ ವೆಸಲ್ ಮೇಲೆ. ಅದು ಒಳಗೆ ರಬ್ಬರ್ ಪರದೆ ಇರುವ ಡಬ್ಬಿ. ಪರದೆಯ ಒಂದು ಕಡೆ ಗಾಳಿ, ಇನ್ನೊಂದು ಕಡೆ ನೀರು. ನೀರು ಕಾದು ಹಿಗ್ಗಿದಾಗ ಗಾಳಿ ಕುಗ್ಗಿ ಜಾಗ ಕೊಡುತ್ತದೆ. ಗಾಳಿ ಇಳಿದುಹೋದರೆ ಆ ಜಾಗ ಇರುವುದಿಲ್ಲ. ಗಾಳಿ ತುಂಬುವ ಬಾಯಿಗೆ ಕಾರಿನ ಟೈರಿನ ವಾಲ್ವೇ ಇರುತ್ತದೆ. ಅದರ ಮೊಳೆ ಒತ್ತಿದಾಗ ಗಾಳಿಯ ಬದಲು ನೀರು ಬಂದರೆ ಪರದೆ ಹರಿದಿದೆ ಅಂತ ಲೆಕ್ಕ.

ನಮ್ಮದು ಆ ಕಥೆ ಅಲ್ಲ. ರಾತ್ರಿ ಬಾಯ್ಲರಿನ ಸ್ವಿಚ್ಚೇ ಆಫ್ ಮಾಡಿ ಮಲಗಿದರೂ ಬೆಳಗ್ಗೆ ಮುಳ್ಳು ಮೇಲೆ ಹೋಗಿರುತ್ತಿತ್ತು. ಬೆಂಕಿಯೇ ಇಲ್ಲದೆ ಒತ್ತಡ ಏರಬೇಕಾದರೆ ಎಲ್ಲಿಂದಲೋ ಹೊಸ ನೀರು ಒಳಗೆ ಬರುತ್ತಿರಲೇಬೇಕು. ಅದಕ್ಕೆ ಸಾಮಾನ್ಯವಾಗಿ ಎರಡೇ ದಾರಿ. ಒಂದು, ಬಾಯ್ಲರಿಗೆ ಬೀದಿ ನೀರು ತುಂಬಿಸುವ ಫಿಲ್ಲಿಂಗ್ ಲೂಪ್. ಇನ್ನೊಂದು, ಹೀಟಿಂಗ್ ನೀರಿನ ಬಿಸಿಯನ್ನು ನಲ್ಲಿ ನೀರಿಗೆ ದಾಟಿಸುವ, ಒಳಗಿನ ಪ್ಲೇಟ್ ಹೀಟ್ ಎಕ್ಸ್‌ಚೇಂಜರಿನಲ್ಲಿ ಸೂಜಿ ತೂತು ಬಿದ್ದು ನಲ್ಲಿ ನೀರು ಹೀಟಿಂಗ್ ನೀರಿಗೆ ಸೇರುವುದು.

ಫಿಲ್ಲಿಂಗ್ ಲೂಪ್ ನಮ್ಮಲ್ಲಿ ಬಾಯ್ಲರಿನ ಕೆಳಗೆ, ಹೊರಗೇ ಕಾಣುತ್ತದೆ. ಬೆಳ್ಳಿ ಬಣ್ಣದ ಹೆಣೆದ ಪೈಪು, ಎರಡು ತುದಿಗೂ ಕಾಲು ಸುತ್ತಿನ ವಾಲ್ವ್. ಹೀಟಿಂಗ್ ಕಡೆಯ ವಾಲ್ವನ್ನು ಹಿಂದಿನ ಮಾಲೀಕರು ತೆರೆದೇ ಬಿಟ್ಟಿದ್ದರು. ಬೀದಿ ನೀರಿನ ಕಡೆಯದ್ದು ಮಾತ್ರ ಮುಚ್ಚಿತ್ತು. ಜೊತೆಗೆ ಚೆಕ್ ವಾಲ್ವ್ ಇದೆ ನಿಜ, ಆದರೆ ಅದು ತಡೆಯುವುದು ಹೀಟಿಂಗ್ ನೀರು ಕುಡಿಯುವ ನೀರಿಗೆ ಹಿಂದಕ್ಕೆ ಹೋಗುವುದನ್ನು. ಬೀದಿ ನೀರು ಒಳಗೆ ನುಗ್ಗುವುದನ್ನು ಅದು ತಡೆಯುವುದಿಲ್ಲ.

ಎರಡೂ ವಾಲ್ವ್ ಮುಚ್ಚಿ, ಕೆಳಗೆ ಬಟ್ಟಲು ಇಟ್ಟು, ಪೈಪನ್ನು ಬಿಚ್ಚಿದೆ. ಬೀದಿ ನೀರಿನ ವಾಲ್ವಿನ ಬಾಯಿಯನ್ನು ಟಿಶ್ಯೂನಿಂದ ಚೆನ್ನಾಗಿ ಒರೆಸಿ ಟಾರ್ಚ್ ಹಿಡಿದು ನೋಡಿದೆ. ಒಂದು ನಿಮಿಷ ಏನೂ ಇಲ್ಲ. ಆಮೇಲೆ ಹಿತ್ತಾಳೆಯ ಅಂಚಿನಲ್ಲಿ ಒಂದು ಹನಿ ಕೂಡಿಕೊಂಡಿತು, ದಪ್ಪ ಆಯಿತು, ಬಟ್ಟಲಿಗೆ ಬಿತ್ತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಕಳ್ಳ ಸಿಕ್ಕಿದ. ಈ ಭಾಗದ ನೀರು ಗಡಸು, ನಮ್ಮ ಬೋರ್‌ವೆಲ್ ನೀರಿನ ಹಾಗೇ ಬಿಳಿ ಸುಣ್ಣ ಕಟ್ಟುತ್ತದೆ. ಆಮೇಲೆ ಬಿಚ್ಚಿ ನೋಡಿದಾಗ ವಾಲ್ವಿನ ಗುಂಡಿನ ಮೇಲೂ ಅದೇ ಪದರ ಇತ್ತು.

ದುರಸ್ತಿ ಏನೂ ದೊಡ್ಡದಲ್ಲ. ಸಿಂಕಿನ ಕೆಳಗಿನ, ಇಡೀ ಮನೆಗೆ ಬರುವ ನೀರನ್ನು ನಿಲ್ಲಿಸುವ ಸ್ಟಾಪ್‌ಕಾಕ್ ಮುಚ್ಚಿ, ಅಡುಗೆಮನೆ ನಲ್ಲಿ ತೆರೆದು ಪೈಪಿನಲ್ಲಿದ್ದ ನೀರು ಇಳಿಸಿದೆ. ಹಳೆ ವಾಲ್ವ್ ತೆಗೆದು ಚೆಕ್ ವಾಲ್ವ್ ಸಮೇತ ಹೊಸ ಸೆಟ್ ಹಾಕಿದೆ. ಬಿಗಿ ಮಾಡುವಾಗ ಎರಡು ಪಾನಾ ಬೇಕು. ಒಂದು ವಾಲ್ವಿನ ಮೈ ಹಿಡಿಯಲಿಕ್ಕೆ, ಇನ್ನೊಂದು ನಟ್ ತಿರುಗಿಸಲಿಕ್ಕೆ. ಒಂದೇ ಪಾನಾದಲ್ಲಿ ತಿರುಗಿಸಿದರೆ ಗೋಡೆಯೊಳಗಿನ ತಾಮ್ರದ ಪೈಪೇ ತಿರುಚಿಕೊಳ್ಳುತ್ತದೆ, ಆಗ ಸಣ್ಣ ಕೆಲಸ ದೊಡ್ಡದಾಗುತ್ತದೆ.

ಅಲ್ಲಿಗೆ ಮುಳ್ಳು ನಿಂತಿತು. ಆದರೆ ಹೊರಗಿನ ಪೈಪು ಪೂರ್ತಿ ಒಣಗಲಿಲ್ಲ. ಇದು ಎಷ್ಟೋ ಮನೆಗಳಲ್ಲಿ ಆಗುವಂಥದ್ದೇ. ರಿಲೀಫ್ ವಾಲ್ವ್ ಮೇಲಿಂದ ಮೇಲೆ ತೆರೆದುಕೊಂಡರೆ ರೇಡಿಯೇಟರಿನ ಕಪ್ಪು ಕೆಸರಿನ ಕಣ ರಬ್ಬರ್ ಸೀಟಿನ ಮೇಲೆ ಕೂತುಬಿಡುತ್ತದೆ. ಆ ವಾಲ್ವಿನ ಕೆಂಪು ಗುಬುಟನ್ನು ತಿರುಗಿಸಿ ಒಂದೆರಡು ಸಲ ನೀರು ಹಾಯಿಸಿದರೆ ಕೆಲವೊಮ್ಮೆ ಕಣ ತೊಳೆದುಹೋಗುತ್ತದೆ. ನಮ್ಮದು ಬಗ್ಗಲಿಲ್ಲ.

ಪುಣ್ಯಕ್ಕೆ ನಮ್ಮ ಬಾಯ್ಲರಿನಲ್ಲಿ ಆ ವಾಲ್ವ್ ಕೂಡ ಬಾಯ್ಲರಿನ ಕೆಳಗೆ, ಕವರಿನ ಹೊರಗೇ ಇದೆ. ಕವರ್ ಬಿಚ್ಚಬೇಕಾಗಿದ್ದರೆ ನಾನು ಮುಟ್ಟುತ್ತಿರಲಿಲ್ಲ. ಕೆಲವು ಮಾಡೆಲುಗಳಲ್ಲಿ ಮುಂದಿನ ಕವರೇ ಉರಿಯುವ ಕೋಣೆಯ ಸೀಲು. ಅದು ಸರಿಯಾಗಿ ಕೂರದಿದ್ದರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಗಾಳಿ ಮನೆಯೊಳಗೆ ಬರಬಹುದು. ಅದನ್ನು, ಹಾಗೆಯೇ ಗ್ಯಾಸಿನ ಯಾವುದೇ ಭಾಗವನ್ನು, ಗ್ಯಾಸ್ ಸೇಫ್ ರಿಜಿಸ್ಟರಿನಲ್ಲಿ (ಇಲ್ಲಿ ಗ್ಯಾಸ್ ಕೆಲಸಕ್ಕೆ ಅನುಮತಿ ಇರುವವರ ಪಟ್ಟಿ) ಹೆಸರಿರುವವರೇ ಮುಟ್ಟಬೇಕು. ಬಂದವರ ಕಾರ್ಡ್ ಕೇಳಿ ನೋಡಿ, ಹಿಂದುಗಡೆ ಯಾವ ಯಾವ ಕೆಲಸಕ್ಕೆ ಅನುಮತಿ ಇದೆ ಅಂತ ಬರೆದಿರುತ್ತದೆ. ವಾರಂಟಿ ಇನ್ನೂ ಇದ್ದರೆ ಸುಮ್ನೆ ಕಂಪನಿಗೇ ಫೋನ್ ಮಾಡಿ.

ಕರೆಂಟ್ ಆಫ್ ಮಾಡಿ, ಬಾಯ್ಲರ್ ಪೂರ್ತಿ ತಣ್ಣಗಾಗಲು ಬಿಟ್ಟೆ. ರೇಡಿಯೇಟರಿಗೆ ಹೋಗುವ ಮತ್ತು ಬರುವ ಪೈಪಿನ ವಾಲ್ವ್ ಎರಡನ್ನೂ ಮುಚ್ಚಿದೆ. ಹೀಗೆ ಮಾಡಿದರೆ ಇಡೀ ಮನೆಯ ನೀರು ಖಾಲಿ ಮಾಡಬೇಕಾಗಿಲ್ಲ. ಡ್ರೈನ್ ಸ್ಕ್ರೂ ಸಡಿಲಿಸಿ ಗೇಜ್ ಸೊನ್ನೆಗೆ ಬರುವವರೆಗೆ ಕಾದೆ. ತಾಮ್ರದ ಪೈಪಿನ ನಟ್ ಬಿಚ್ಚಿ, ಕ್ಲಿಪ್ ಎಳೆದಾಗ ವಾಲ್ವ್ ಕೈಗೆ ಬಂತು, ಹಿಂದೆಯೇ ಒಳಗೆ ಉಳಿದಿದ್ದ ಕಪ್ಪು ನೀರೂ ಬಂತು. ಕೆಳಗೆ ಹಳೆ ಟವಲ್ ಹಾಸಿ, ಆ ನೀರು ಬಿದ್ದರೆ ಕಲೆ ಹೋಗುವುದಿಲ್ಲ. ಹೊಸ ವಾಲ್ವಿನ ಓ ರಿಂಗಿಗೆ, ಅಂದರೆ ನೀರು ಸೋರದಂತೆ ತಡೆಯುವ ರಬ್ಬರ್ ಬಳೆಗೆ, ಸಿಲಿಕೋನ್ ಗ್ರೀಸ್ ಸವರಿದೆ. ಮಾಮೂಲಿ ಗ್ರೀಸ್ ಬೇಡ, ಅದು ರಬ್ಬರನ್ನು ತಿನ್ನುತ್ತದೆ. ಹೊಸದು ಅದೇ ಮಾಡೆಲಿನದ್ದೇ, 3 ಬಾರಿನದ್ದೇ ಆಗಿರಬೇಕು. ಸೋರಿಕೆ ನಿಲ್ಲಲಿ ಅಂತ ಆ ಪೈಪಿಗೆ ಬಿರಡೆ ಹಾಕುವವರೂ ಇದ್ದಾರೆ. ಅದಕ್ಕಿಂತ ಅಪಾಯ ಇನ್ನೊಂದಿಲ್ಲ.

ಆಮೇಲೆ ವಾಲ್ವುಗಳನ್ನೆಲ್ಲ ತೆರೆದು, ಲೂಪಿನಿಂದ ನಿಧಾನವಾಗಿ ನೀರು ತುಂಬಿಸಿ 1.2ರಲ್ಲಿ ನಿಲ್ಲಿಸಿದೆ. ಮಹಡಿಯ ರೇಡಿಯೇಟರುಗಳ ಗಾಳಿ ಬಿಟ್ಟಾಗ ಮುಳ್ಳು ಇಳಿಯಿತು, ಇನ್ನೊಂಚೂರು ತುಂಬಿಸಿದೆ. ಈಗ ಲೂಪಿನ ಪೈಪನ್ನು ಕಳಚಿ, ಎರಡು ಬಾಯಿಗೂ ಕ್ಯಾಪ್ ಹಾಕಿದ್ದೇನೆ. ಇಲ್ಲಿನ ನೀರಿನ ನಿಯಮವೂ ತುಂಬಿಸಿದ ಮೇಲೆ ಕಳಚಿಡಿ ಅಂತಲೇ ಹೇಳುತ್ತದೆ, ಯಾರೂ ಮಾಡುವುದಿಲ್ಲ ಅಷ್ಟೇ. ಬಂದ ನೀರು ಅಷ್ಟು ಕಪ್ಪಗಿತ್ತು ಅಂದರೆ ರೇಡಿಯೇಟರುಗಳು ಒಳಗೆ ತುಕ್ಕು ಹಿಡಿಯುತ್ತಿವೆ ಅಂತ ಅರ್ಥ. ಬೇಸಿಗೆಯಲ್ಲಿ ಹೀಟಿಂಗ್ ನಿಲ್ಲಿಸಿದ ಮೇಲೆ ಎಲ್ಲ ತೊಳೆದು ತುಕ್ಕು ತಡೆಯುವ ಇನ್‌ಹಿಬಿಟರ್ ಹಾಕಬೇಕು.